ಅತ್ತೆ ಕೊಟ್ಟ ಚರ್ಮ

ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಬೀದಿಗೆ ಕಾಲಿಟ್ಟರೆ ಬೆಂದ ರೇಷ್ಮೆಗೂಡಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮುಚ್ಚಿಕೊಳ್ಳುವುದಿಲ್ಲ, ಆದರೆ ಕುದಿಯುವ ಬಾಣಲೆಯಿಂದ ಮಾರು ದೂರ ನಡೆಯುತ್ತೇನೆ. ಬಾಣಲೆಯನ್ನಷ್ಟೇ ಅಲ್ಲ, ನಿಜ ಹೇಳಬೇಕೆಂದರೆ ನಾನು ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ. ಹಾಲಿನವನ ಎದುರಿಗೇ ಹಾಲು ಮೂಸಿ ನೋಡುವ ಹೆಂಗಸು. ಹುಟ್ಟುಗುಣ ಅಂದುಕೊಳ್ಳಬೇಡಿ, ಮೇಲೂರಿಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯಿಂದ ಕಲಿತದ್ದು.

ನಮ್ಮತ್ತೆ ರೇಷ್ಮೆ ಸಾಕುವ ಹುಳುಮನೆಯ ಬಾಗಿಲಲ್ಲಿ ಕೂತರೆ ಗಾಳಿಯೂ ಕೇಳಿಕೊಂಡೇ ಒಳಗೆ ಹೋಗಬೇಕಿತ್ತು. ಹುಳು ಜ್ವರಕ್ಕೆ ಕೂತಾಗ, ಎಂದರೆ ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗಿದಾಗ, ಹೊರಗಿನವರ ನೆರಳೂ ಬೀಳಬಾರದು. ಕಾಲು ತೊಳೆದರೆ ಸಾಲದು, ಒಗ್ಗರಣೆಯ ವಾಸನೆ ಸೀರೆಯಲ್ಲಿದ್ದರೂ ವಾಪಸು. ಅಷ್ಟಾಗಿಯೂ ಹುಳು ಸತ್ತರೆ, "ಯಾರೋ ಮನಸ್ಸು ಕೆಟ್ಟೋರು ಮುಟ್ಟವ್ರೆ" ಎಂದು ನಮ್ಮಿಬ್ಬರು ಸೊಸೆಯರ ಮುಖ ನೋಡುತ್ತಿದ್ದರು. ನಾನಂತೂ ಏನೂ ಮಾಡದೆಯೇ ಬೆವರುತ್ತಿದ್ದೆ.

ಸಾವಿರದ ಒಂಬೈನೂರ ಅರವತ್ತರ ಆಚೀಚೆ ಇರಬೇಕು. ಹಿರಿಸೊಸೆ ನಾರಾಯಣಮ್ಮ, ನಾನು ಅಕ್ಕ ಎಂದು ಕರೆಯುವ ವಾರಗಿತ್ತಿ, ಅವಳ ಮೇಲೆ ಗೂಡು ಬೇಯಿಸುವ ಬಾಣಲೆ ಮಗುಚಿತು. ಬಲಗೈ, ಪಕ್ಕೆ, ಬೆನ್ನು ಬೆಂದುಹೋಯಿತು. ಗಾಯ ಮುಚ್ಚದಿದ್ದರೆ ಜೀವ ಉಳಿಯುವುದಿಲ್ಲ, ಅವಳ ಚರ್ಮವನ್ನೇ ತೆಗೆದು ಹಾಕೋಣವೆಂದರೆ ತಡೆಯುವ ಶಕ್ತಿ ಅವಳಲ್ಲಿಲ್ಲ, ಸದ್ಯಕ್ಕೆ ಬೇರೆ ಯಾರಾದರೂ ಕೊಡಬೇಕು ಎಂದರು ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು. ಗಂಡಸರು ಮುಖ ಮುಖ ನೋಡಿಕೊಂಡರು. ಅತ್ತೆ ಎದ್ದು ನಿಂತು, "ನಂದು ತಕ್ಕಳಿ ಸ್ವಾಮಿ" ಅಂದರು.

"ಇದು ನಿಲ್ಲೋದಿಲ್ಲಮ್ಮ. ಬೇರೆಯವರ ಚರ್ಮವನ್ನ ಮೈ ಒಪ್ಪೋದಿಲ್ಲ, ಕೆಲವು ದಿನಕ್ಕೆ ತಳ್ಳಿಬಿಡುತ್ತೆ. ಅಷ್ಟರಲ್ಲಿ ಅವಳು ಸುಧಾರಿಸಿಕೊಂಡರೆ ಸಾಕು" ಎಂದು ಡಾಕ್ಟರು ಬಿಡಿಸಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆದರೆ ಹಾಕಿದ ಚರ್ಮ ಮೊದಲ ವಾರ ಕೆಂಪಗೆ ಜೀವ ಹಿಡಿದು ಕೂತಾಗ ಆ ಮಾತು ಯಾರಿಗೆ ನೆನಪಿರುತ್ತದೆ ಹೇಳಿ?

ಆಮೇಲೆ ಅದು ಕಪ್ಪಾಯಿತು, ಅಂಚು ಎದ್ದಿತು, ಕೊನೆಗೆ ಪಟ್ಟಿಯ ಜೊತೆಗೇ ಕಿತ್ತುಬಂತು. ಚಿಂತಾಮಣಿಯಿಂದ ಬಂದಿದ್ದ ಅಕ್ಕನ ಅಣ್ಣ, "ಮನಸು ಲೇಕುಂಡಾ ಇಚ್ಚಿಂದಿ. ಮನಸ್ಸಿಲ್ದೆ ಕೊಟ್ಟಿದ್ದು ಎಲ್ಲಿ ನಿಲ್ತದೆ?" ಎಂದ, ಅತ್ತೆಗೆ ಕೇಳುವ ಹಾಗೆ. ಅಷ್ಟರಲ್ಲಿ ಚೇತರಿಸಿಕೊಂಡಿದ್ದ ಅಕ್ಕನ ತೊಡೆಯಿಂದಲೇ ಚರ್ಮ ತೆಗೆದು ಹಾಕಿದರು. ಅದು ನಿಂತಿತು, ಅವಳು ಉಳಿದಳು. ಮೇಲೂರಿಗೆ ಇನ್ನೇನು ಸಾಕ್ಷಿ ಬೇಕು? ನಾನು ಡಾಕ್ಟರ ಮಾತು ಹೇಳಹೋದರೆ, "ಅತ್ತೆಗೆ ಹೆದರ್ಕಂಡು ಹೇಳ್ತಾಳೆ" ಅಂದರು. ಎಲ್ಲರೂ ಹಾಗನ್ನುವಾಗ ನನಗೂ ಒಂದೊಂದು ಸಲ ಅನುಮಾನ ಹತ್ತುತ್ತಿತ್ತು.

ಊರಿಗೆ ಮರಳಿದ ಮೇಲೆ ಅತ್ತೆ ಹುಳುಮನೆಯ ಹೊಸ್ತಿಲು ದಾಟಲೇ ಇಲ್ಲ. ಬೀಗದಕೈ ನನಗೆ ಕೊಟ್ಟರು. ಅಕ್ಕನಿಗೆ ಊಟ ಬಡಿಸಲಿಕ್ಕೂ ನನ್ನನ್ನೇ ಕೂಗುತ್ತಿದ್ದರು. ಮುನಿಸು ಅಂದುಕೊಂಡೆವು. ಎಷ್ಟೋ ವರ್ಷದ ಮೇಲೆ ಒಂದು ದಿನ ಎಣ್ಣೆ ಹಚ್ಚಿ ನೀರು ಹುಯ್ಯುವಾಗ ಅವರ ತೊಡೆಯ ಮೇಲಿನ ಕಲೆ ಕಂಡು ಕೇಳಿಬಿಟ್ಟೆ.

"ಚಾಕು ಹತ್ರ ಬಂದಾಗ ಹೆದ್ರಿಕೆ ಆಯ್ತು ಕಣಮ್ಮ. ಯಾಕಾದ್ರೂ ಒಪ್ಕೊಂಡ್ನೋ ಅನ್ನಿಸ್ತು. ಅದಕ್ಕೇ ಬಿತ್ತು. ಇನ್ನೊಂದು ಕಾಲಿಂದ ತಕ್ಕಳಿ, ಈ ಸಲ ಮನಸಾರೆ ಕೊಡ್ತೀನಿ ಅಂತ ಡಾಕ್ಟ್ರನ್ನ ಬೇಡ್ಕೊಂಡೆ. ಎರಡ್ನೇ ಸಲ ಇನ್ನೂ ಬೇಗ ಬಿದ್ದೋಗ್ತದೆ ಅಂದ್ಬಿಟ್ರು. ನನ್ನ ಮನಸ್ಸು ಇನ್ನೆಷ್ಟು ಕೆಟ್ಟಿರ್ಬೇಕು ನೋಡು."

ಅದು ಮೈಯ ಗುಣ ಅತ್ತೆ, ಮನಸ್ಸಿನದಲ್ಲ ಅಂದೆ. ನಂಬಲಿಲ್ಲ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು. ಜೀವಮಾನವೆಲ್ಲ ಬೇರೆಯವರನ್ನು ಅನುಮಾನಿಸಿದವರು ಹೀಗೆ ತಮ್ಮನ್ನೇ ಅನುಮಾನಿಸಿಕೊಂಡು ಕೂತದ್ದು ಕಂಡು ನನಗೆ ಅಳು ಬಂತು. ಮುಂದಿನ ಸುಗ್ಗಿಗೆ ಅತ್ತೆ ಇರಲಿಲ್ಲ.

ಈ ಸಲ ಶಿಡ್ಲಘಟ್ಟಕ್ಕೆ ಹೋದದ್ದು, ತನ್ನ ಮಗಳ ಮನೆಯಲ್ಲಿರುವ ಅಕ್ಕನನ್ನು ನೋಡಲು. ಹೊರಡುವ ಹೊತ್ತಿಗೆ ಏನನ್ನಿಸಿತೋ, ಆಣೆ ಮುರಿದು ಅತ್ತೆಯ ಮಾತನ್ನೆಲ್ಲ ಹೇಳಿದೆ. ಅಕ್ಕ ಬಲಗೈ ಸವರಿಕೊಂಡಳು.

"ಅವರಿಂದ ಬೀಳ್ಲಿಲ್ಲ ಕಣೆ. ಈ ಅತ್ತೆ ಚರ್ಮ ಹೊದ್ದು ಬದುಕ್ಬೇಕಾ ಅಂತ ಆಸ್ಪತ್ರೇಲಿ ಮಲಕ್ಕಂಡು ಅನ್ಕೊಂಡಿದ್ದೆ. ನಾನೇ ತಳ್ದೆ. ಅದಕ್ಕೇ ಆಮೇಲೆ ಅವರ ಮುಖ ನೋಡಕ್ಕಾಗ್ಲಿಲ್ಲ."

ಡಾಕ್ಟರು ಹೇಳಿದ್ದನ್ನು ಅವಳಿಗೂ ಹೇಳಿದೆ. ಅಕ್ಕ ನನ್ನನ್ನೇ ದಿಟ್ಟಿಸಿ, "ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀಯ" ಅಂದಳು.

ಅತ್ತೆಯಂತೂ ನಂಬದೆಯೇ ಹೋದರು. ಇವಳು ಹಾಗೆ ಹೋಗಬಾರದು. ಬಸ್ಸು ತಪ್ಪಿದರೆ ತಪ್ಪಲಿ ಎಂದು ಮೆಟ್ಟಿದ್ದ ಚಪ್ಪಲಿ ಬಿಚ್ಚಿ, ಅವಳ ಪಕ್ಕ ಕೂತು, ಮೊದಲಿಂದ ಹೇಳತೊಡಗಿದೆ.