ಡಿಕ್ಟೇಷನ್ ಮತ್ತು ಒಂದು ಸ್ಟೀಲ್ ಡಬ್ಬಿ

ಮೊದಲ ಪಾಳಿ ಮುಗಿಸಿ, ಕಾರ್ಖಾನೆಯ ಬಸ್ಸಿನಿಂದ ಯಲಹಂಕದ ಹತ್ತಿರದ ಸಿಂಗಾಪುರದ ತಿರುವಿನಲ್ಲಿ ಇಳಿದು ಮನೆ ಸೇರುವಾಗ ಮಧ್ಯಾಹ್ನ ಸಾಕಷ್ಟು ಇಳಿದಿರುತ್ತಿತ್ತು. ಕೋಳಿ ಕೂಗುವ ಮೊದಲೇ ಎದ್ದವನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದು ಊಟ ಮತ್ತು ಚಾಪೆ. ಊಟವನ್ನು ಹೆಂಡತಿ ಬೆಳಿಗ್ಗೆಯೇ ಮಾಡಿಟ್ಟು ಕೆಲಸಕ್ಕೆ ಹೋಗಿರುತ್ತಿದ್ದಳು, ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿದ್ದದ್ದು ಚಾಪೆಯದು. ಅದರ ಮೇಲೆ ಬೆನ್ನು ಊರಿದ ಕೂಡಲೇ ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದು ಕೇಳುತ್ತಿತ್ತು. ಆಮೇಲೆ ಬಾಗಿಲ ಸಂದಿಯಿಂದ ಒಂದು ಸಣ್ಣ ದನಿ ಬರುತ್ತಿತ್ತು: "ಅಂಕಲ್, ವರ್ಡ್ಸ್."

ದನಿ ಕೆಳಮನೆಯ ಮೊಮ್ಮಗಳದು. ನಾವಿದ್ದದ್ದು ಮಹಡಿಯ ಬಾಡಿಗೆ ಮನೆಯಲ್ಲಿ, ಕೆಳಗೆ ಮಾಲೀಕರು. ಮಾಲೀಕರೆಂದರೆ ಒಬ್ಬ ಅಜ್ಜಿ. ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ರಾಗಿ ಬೆಳೆಯುತ್ತಿದ್ದ ಅವರ ಹೊಲದ ಮೇಲೆ ಈಗ ಲೇಔಟು ಎದ್ದಿದೆ. ಮಗ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾನೆ, ಸೊಸೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಇಬ್ಬರೂ ಮನೆಗೆ ಬರುವ ಹೊತ್ತಿಗೆ ಮಗು ಮಲಗಿರುತ್ತದೆ. ಮಗು ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಮ್.

ಒಂದು ಮಧ್ಯಾಹ್ನ ಅಜ್ಜಿ ಮಗುವಿನ ಕೈ ಹಿಡಿದುಕೊಂಡು, ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿ ಬಂದರು. ಶಾಲೆಯಲ್ಲಿ ದಿನವೂ ಡಿಕ್ಟೇಷನ್ ಕೊಡುತ್ತಾರಂತೆ, ಈ ಹುಡುಗಿ ಸೊನ್ನೆಯ ಮೇಲೆ ಸೊನ್ನೆ ತರುತ್ತಿದ್ದಾಳಂತೆ. ಹೀಗೇ ಆದರೆ ಮತ್ತೆ ಒಂದನೇ ಕ್ಲಾಸಿಗೆ ಕೂರಿಸುತ್ತೇವೆ ಎಂದು ಮಿಸ್ಸು ಹೇಳಿ ಕಳಿಸಿದ್ದರಂತೆ.

"ಒಸಿ ಏಳ್ಕೊಡಿ," ಅಂದರು ಅಜ್ಜಿ. "ನಂಗೆ ಇಂಗ್ಲೀಸು ಎಲ್ಲಿಂದ ಬತ್ತದೆ? ನೀವು ಮನೇಲೇ ಇರ್ತೀರಲ್ಲ."

ಮನೆಯಲ್ಲೇ ಇರುತ್ತೀರಲ್ಲ ಎಂಬ ಮಾತು ನನಗೆ ಚುಚ್ಚಿತು. ಆದರೂ ಒಂದು ದಿನದ ಮಾತು ಅಂದುಕೊಂಡು ಕೂತೆ. ಮರುದಿನ ಮಗು ಒಂದೇ ಬಂತು. ಅದರ ಮರುದಿನ ಹಿಂದಿನ ಮನೆಯ ಅಣ್ಣತಮ್ಮಂದಿರೂ ಜೊತೆಗೂಡಿದರು. ಅಜ್ಜಿ ನನ್ನನ್ನು ಮೇಷ್ಟ್ರೇ ಎಂದು ಕರೆಯತೊಡಗಿದರು, ಅಲ್ಲಿಗೆ ನನ್ನ ಕಥೆ ಮುಗಿಯಿತು.

ನಾನು ಮೇಷ್ಟ್ರಲ್ಲ. ಯಶವಂತಪುರದಾಚೆಯ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುವವನು. ಇಂಗ್ಲಿಷ್ ಅಕ್ಷರ ಕಂಡದ್ದು ಗದಗಿನ ಕಡೆಯ ಸರಕಾರಿ ಶಾಲೆಯಲ್ಲಿ, ಅದೂ ಐದನೆಯ ಇಯತ್ತೆಗೆ ಬಂದ ಮೇಲೆ. ನಮ್ಮ ಗುರುಗಳು ಸ್ಪೆಲ್ಲಿಂಗ್ ಕಲಿಸುತ್ತಿದ್ದುದು ಮಗ್ಗಿ ಕಲಿಸಿದ ಹಾಗೆ, ರಾಗವಾಗಿ ಕೂಗಿಸಿ. ಶಬ್ದವನ್ನು ಕನ್ನಡದಲ್ಲಿ ತುಂಡು ಮಾಡಿ, ಬರೆದ ಹಾಗೇ ಬಾಯಲ್ಲಿ ಆಡಿಸಬೇಕು. ವೆನ್ಸ್‌ಡೇ ಅಂದರೆ ವೆಡ್, ನೆಸ್, ಡೇ. ನೈಫ್ ಅಂದರೆ ಕ, ನೈ, ಫೆ. ಜನ ಅದನ್ನು ಹೇಗೆ ಅನ್ನುತ್ತಾರೆ ಎನ್ನುವುದು ಬೇರೆ ಮಾತು, ಬರೆಯುವಾಗ ಮನಸ್ಸಿನಲ್ಲಿ ಹೀಗೆ ಅನ್ನಬೇಕು. ನನಗೆ ಗೊತ್ತಿದ್ದದ್ದು ಅದೊಂದೇ, ಅದನ್ನೇ ಕಲಿಸಿದೆ. ಮೆಟ್ಟಿಲಿಗೊಬ್ಬರಂತೆ ಕೂತ ಮಕ್ಕಳು ಗೋಡೆ ನಡುಗುವಂತೆ ಕೂಗುತ್ತಿದ್ದರು. ಒಂದು ತಿಂಗಳೊಳಗೆ ಹುಡುಗಿಯ ಸೊನ್ನೆಗಳು ಮಾಯವಾದವು.

ಇದರಿಂದ ನನಗೆ ಬಿಡುಗಡೆ ಸಿಗಬಹುದು ಅಂದುಕೊಂಡಿದ್ದೆ. ಆದದ್ದು ತಿರುಗಾಮುರುಗಾ. ಮಗು ಕಲಿತಷ್ಟೂ ಅಜ್ಜಿಗೆ ನಾನು ಬೇಕೇಬೇಕಾದೆ. ಹಾಲು ತರಲು ಹೊರಗೆ ಹೊರಟರೆ ಮೆಟ್ಟಿಲ ತುಂಬ ಮಕ್ಕಳು, ಚೀಲಗಳು, ನೀರಿನ ಬಾಟಲಿಗಳು. ದಾಟಲು ಹೋದರೆ ಯಾರಾದರೊಬ್ಬರು ತಲೆ ಎತ್ತಿ ಅಂಕಲ್ ಇದರ ಮೀನಿಂಗ್ ಏನು ಅನ್ನುತ್ತಿದ್ದರು. ಕಾರ್ಖಾನೆಯಲ್ಲಿ ಮಷೀನಿನ ಮುಂದೆ ನಿಂತಾಗಲೂ ನನ್ನ ತಲೆಯಲ್ಲಿ ಶಬ್ದಗಳು ತುಂಡುತುಂಡಾಗಿ ತಿರುಗುತ್ತಿದ್ದವು. ಅಲ್ಲಿ ನನ್ನ ಬಾಯಿಗೆ ಸೂಪರ್‌ವೈಸರ್ ಕೂಡ ಹೆದರುತ್ತಾನೆ. ಇಲ್ಲಿ ಒಂದು ಗೇಣುದ್ದದ ಹುಡುಗಿಗೆ ನಾಳೆ ಬರಬೇಡ ಎನ್ನಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯದೆ ಚಾಪೆಯನ್ನು ದಬಾರನೆ ಸುತ್ತಿ ಮೂಲೆಗೆ ಒಗೆಯುತ್ತಿದ್ದೆ.

ಹೀಗಿರುವಾಗ ಮನೆ ಬದಲಿಸುವ ಮಾತು ಬಂತು. ಹೆಂಡತಿ ಕೆಲಸ ಮಾಡುವುದು ಚಿಕ್ಕಜಾಲದ ಹತ್ತಿರದ ಒಂದು ಕಾಲೇಜಿನ ಆಫೀಸಿನಲ್ಲಿ. ಯಲಹಂಕದಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ನಿಂತುಕೊಂಡೇ ಹೋಗಿ ಬಂದು ಅವಳ ಸೊಂಟ ಹಿಡಿದುಬಿಟ್ಟಿತ್ತು. ಕೆಲವು ಸಂಜೆ ಬಂದವಳೇ ಗೋಡೆ ಹಿಡಿದು ನಿಲ್ಲುತ್ತಿದ್ದಳು, ಕೂರಲೂ ಆಗುತ್ತಿರಲಿಲ್ಲ. ಈ ಓಡಾಟ ನಿಲ್ಲಿಸಿ, ಇಲ್ಲವೇ ಕೆಲಸ ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಅವಳ ಆಫೀಸಿನವರೊಬ್ಬರು ಚಿಕ್ಕಜಾಲದಲ್ಲೇ, ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ, ಒಂದು ಮನೆ ತೋರಿಸಿದರು. ನಮ್ಮ ಕಾರ್ಖಾನೆಯ ಇನ್ನೊಂದು ಬಸ್ಸು ಆ ಕಡೆಯಿಂದಲೂ ಬರುತ್ತಿತ್ತು. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಆ ಮನೆಯವರು ಹೇಳಿದರು. ಕೆಳಗೆ ಹೋಗಿ ಅಜ್ಜಿಗೆ ಹೇಳುವುದೊಂದೇ ಬಾಕಿ ಇತ್ತು.

ಅಡ್ಡ ಬಂದದ್ದು ಒಂದು ಸ್ಟೀಲ್ ಡಬ್ಬಿ. ಅದು ನನ್ನ ಹೆಂಡತಿಯ ತವರಿನದು, ಮುಚ್ಚಳದ ಮೇಲೆ ಅವಳ ಹೆಸರು ಕೊರೆದಿದೆ. ಪಾಠ ಶುರುವಾದ ಹೊಸತರಲ್ಲಿ ಅಜ್ಜಿ ಸೊಪ್ಪಿನ ಬಸ್ಸಾರು ಕಳಿಸಿದ್ದಕ್ಕೆ ಪ್ರತಿಯಾಗಿ ಇವಳು ಆ ಡಬ್ಬಿಯಲ್ಲಿ ಶೇಂಗಾ ಉಂಡಿ ಹಾಕಿ ಕಳಿಸಿದ್ದಳು. ಡಬ್ಬಿ ಕೋಡುಬಳೆ ತುಂಬಿಕೊಂಡು ವಾಪಸು ಬಂತು. ಪಕ್ಕದವರ ಪಾತ್ರೆಯನ್ನು ಖಾಲಿ ಕಳಿಸಬಾರದು ಎನ್ನುವುದು ನಮ್ಮ ಕಡೆಯ ರೂಢಿ. ನೋಡಿದರೆ ಅಜ್ಜಿಯ ಕಡೆಯೂ ಅದೇ ರೂಢಿ. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಬೀಳುತ್ತಿತ್ತು. ಅಂದಿನಿಂದ ಡಬ್ಬಿ ಮೇಲೆ ಕೆಳಗೆ ತಿರುಗುತ್ತಲೇ ಇತ್ತು, ಹೊತ್ತು ತರುವವಳು ಆ ಹುಡುಗಿ.

ಅಜ್ಜಿಗೆ ಯಾವಾಗ ಹೇಳೋಣ ಎಂದು ಕೇಳಿದಾಗ ಹೆಂಡತಿ ಇದನ್ನೇ ಮುಂದಿಟ್ಟಳು.

"ಡಬ್ಬಿ ನಮ್ಮ ಕಡೆ ಇದ್ದಾಗ ಅವರು ಕೊಟ್ಟದ್ದರ ಋಣ ನಮ್ಮ ಮ್ಯಾಲ ಇರ್ತದ್ರಿ. ತಿಂದು ಬಾಯಿ ಒರಸಿಕೊಂಡು ಮನಿ ಬಿಡ್ತೀವಿ ಅಂತ ಹೆಂಗ ಹೇಳೂದು? ತುಂಬಿ ಕಳಿಸಿದ್ರ, ನಮ್ಮವ್ವ ಕೊಟ್ಟ ಡಬ್ಬಿ ಅವರ ಮನ್ಯಾಗ ಉಳೀತದ. ಅದನ್ನ ಬಿಟ್ಟು ನಾ ಬರಂಗಿಲ್ಲ."

ಹಾಗಾದರೆ ಎಂದಿಗೂ ಹೇಳುವ ಹಾಗಿಲ್ಲ ಎಂದಾಯಿತು. ನಾನು ನಕ್ಕೆ. ಅವಳು ನಗಲಿಲ್ಲ, ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತ ಮುಖ ತಿರುಗಿಸಿದಳು. ಅವಳ ಮಾತನ್ನು ನಾನು ಮೂಢತನ ಎಂದು ಗದರಬಹುದಿತ್ತು. ಗದರಲಿಲ್ಲ, ಯಾಕೆಂದರೆ ನನಗೂ ಒಂದು ನೆಪ ಬೇಕಾಗಿತ್ತು.

ಆದರೂ ಒಂದು ಭಾನುವಾರ ಧೈರ್ಯ ಮಾಡಿ ಕೆಳಗಿಳಿದೆ. ಅಜ್ಜಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವರೇ ಮಾತು ತೆಗೆದರು. ಮಿಸ್ಸು ಈ ಸಲ ಮಗುವನ್ನು ಹೊಗಳಿದರಂತೆ, ಕೊನೆಯ ಟೆಸ್ಟ್ ಒಂದು ದಾಟಿಬಿಟ್ಟರೆ ಹಿಂದಕ್ಕೆ ಹಾಕುವ ಮಾತೇ ಇಲ್ಲ ಎಂದರಂತೆ.

"ನೀವಿಲ್ದೇ ಓಗಿದ್ರೆ ನಮ್ಮ ಮಗೀನ ಗತಿ ಏನಾಗ್ತಿತ್ತು ಮೇಷ್ಟ್ರೇ," ಅಂದರು. ಅನ್ನುತ್ತಲೇ ಎದ್ದು ಒಳಗೆ ಹೋಗಿ ಡಬ್ಬಿ ತಂದು ನನ್ನ ಕೈಗಿಟ್ಟರು. ಬಿಸಿ ಇನ್ನೂ ಆರಿರಲಿಲ್ಲ.

ಮೇಲೆ ಬಂದಾಗ ಹೆಂಡತಿ ಹೇಳಿದಿರಾ ಎಂದು ಕೇಳಿದಳು. ಹಿತಕಿದ ಬೇಳೆ ಸಾರು ಕೊಟ್ಟರು ಎಂದೆ. ಅವಳು ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಆ ಸಾರು ಅಷ್ಟು ರುಚಿಯಾಗಿತ್ತು, ಅದಕ್ಕೂ ನನಗೆ ಸಿಟ್ಟು ಬಂತು.

ಆ ವಾರವೇ ಒಂದು ಮಧ್ಯಾಹ್ನ ಹುಡುಗಿ ಒಬ್ಬಳೇ ಬಂದಿದ್ದಳು. ಸ್ಪೆಲ್ಲಿಂಗ್ ಆದ ಮೇಲೆ ಪ್ರತಿ ಶಬ್ದಕ್ಕೂ ಒಂದು ವಾಕ್ಯ ಹೇಳಿಸುವುದು ರೂಢಿ. ಅವಳು ಹೇಳುವ ವಾಕ್ಯಗಳೆಲ್ಲ ಅವಳ ಬೆಕ್ಕಿನ ಸುತ್ತಲೇ ತಿರುಗುತ್ತಿದ್ದವು. ಅವತ್ತು ನೇಬರ್ ಎಂಬ ಶಬ್ದ ಬಂತು. ನೆರೆಮನೆಯವರು ಎಂದು ಅರ್ಥ ಹೇಳಿದೆ. ಅವಳು ಪೆನ್ಸಿಲ್ ಕಚ್ಚುವುದನ್ನು ಬಿಟ್ಟು ನಿಧಾನವಾಗಿ ಹೇಳಿದಳು: "ಮೈ ನೇಬರ್ ಈಸ್ ಗೋಯಿಂಗ್ ಟು ಚಿಕ್ಕಜಾಲ."

ನೆರೆಮನೆಯವರು ಚಿಕ್ಕಜಾಲಕ್ಕೆ ಹೊರಟಿದ್ದಾರೆ. ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಹೆಂಡತಿ ಊರಿನ ತಂಗಿಯ ಜೊತೆ ಫೋನಿನಲ್ಲಿ ಮಾತಾಡಿದರೆ ಬಸ್‌ಸ್ಟಾಪಿನವರೆಗೂ ಕೇಳುತ್ತದೆ, ಮೆಟ್ಟಿಲ ಮೇಲೆ ಕೂತವಳಿಗೆ ಕೇಳದೆ ಇರುತ್ತದೆಯೇ? ಅಜ್ಜಿಗೆ ಹೇಳಿದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಮತ್ತೆ ಯಾಕೆ ಇನ್ನೂ ಹೋಗಿಲ್ಲ ಎಂದು ಅವಳೇ ಕೇಳಿದಳು.

"ನನ್ನಿಂದಾನಾ?" ಅಂದಳು. ನಾನು ಪುಸ್ತಕದ ಹಾಳೆ ತಿರುಗಿಸಿದೆ. "ನಂಗೆ ಎಲ್ಲಾ ವರ್ಡ್ಸೂ ಬಂದ್ಬಿಟ್ರೆ ನೀವು ಹೋಗ್ಬೋದಾ, ಅಂಕಲ್?"

ಮುಂದಿನ ಶಬ್ದ ವೆಜಿಟಬಲ್ ಎಂದು ಹೇಳಿದೆ. ನನಗೆ ಹೊಳೆದದ್ದು ಅಷ್ಟೇ. ಇಷ್ಟು ದಿನ ಅವಳೇ ನನ್ನನ್ನು ಕಟ್ಟಿಹಾಕಿದ್ದಾಳೆ ಎಂದು ಒಳಗೊಳಗೇ ಗೊಣಗುತ್ತಿದ್ದೆ. ಆ ಗೊಣಗಾಟವನ್ನು ಅವಳು ನನ್ನ ಮುಖದ ಮೇಲೆ ಓದಿಕೊಂಡಿದ್ದಳು.

ಮರುದಿನದಿಂದ ಅವಳು ಓದಿದ ಪರಿ ನೋಡಬೇಕಿತ್ತು. ನಾನು ಊಟಕ್ಕೆ ಕೂರುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಭಾನುವಾರ ಕೂಡ ಬಿಡಲಿಲ್ಲ. ಅಣ್ಣತಮ್ಮಂದಿರು ಗಲಾಟೆ ಮಾಡಿದರೆ ಅವಳೇ ಗದರಿಸಿ ಸುಮ್ಮನಾಗಿಸುತ್ತಿದ್ದಳು. ನನ್ನ ರಾಗ ಅವಳಿಗೆ ನನಗಿಂತ ಚೆನ್ನಾಗಿ ಕೂತಿತ್ತು, ಬೆಳಿಗ್ಗೆ ನಾನು ಡ್ಯೂಟಿಗೆ ಇಳಿಯುವಾಗ ಕೆಳಮನೆಯ ಕಿಟಕಿಯಿಂದ ನಿದ್ದೆಗಣ್ಣಿನ ದನಿಯಲ್ಲಿ ವೆಡ್, ನೆಸ್, ಡೇ ಎಂದು ಕೇಳಿಸುತ್ತಿತ್ತು. ಅವಳು ಯಾತಕ್ಕಾಗಿ ಓದುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಹಾಗಲ್ಲ ಮಗು, ನಿನ್ನಿಂದಲ್ಲ ಎಂದು ಹೇಳಲು ದಿನವೂ ಬಾಯಿ ತೆರೆಯುತ್ತಿದ್ದೆ, ಬಾಯಿಂದ ಬರುತ್ತಿದ್ದದ್ದು ಇನ್ನೊಂದು ಸ್ಪೆಲ್ಲಿಂಗು. ಮೊದಲು ಮಧ್ಯಾಹ್ನ ಮಾತ್ರ ಸಿಕ್ಕಿಬಿದ್ದಿದ್ದವನು ಈಗ ಇಡೀ ದಿನ ಸಿಕ್ಕಿಬಿದ್ದಿದ್ದೆ. ಚಿಕ್ಕಜಾಲದ ಮನೆಯವರು ಫೋನ್ ಮಾಡಿ, ಬರುತ್ತೀರೋ ಇಲ್ಲವೋ, ಇನ್ನು ನಾನು ಕಾಯುವುದಿಲ್ಲ ಅಂದರು. ಹೆಂಡತಿ ಕೇಳುವುದನ್ನೇ ಬಿಟ್ಟಿದ್ದಳು. ಡಬ್ಬಿ ಆಗ ಕೆಳಗಿತ್ತು, ಅವಳ ಶೇಂಗಾ ಚಟ್ನಿಪುಡಿಯ ಸಮೇತ.

ಶನಿವಾರ ಹೆಂಡತಿಗೆ ಅರ್ಧ ದಿನ. ನಾನು ಬಂದಾಗ ಅವಳು ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದಳು. ನಾನಿನ್ನೂ ಕೈ ತೊಳೆಯುತ್ತಿದ್ದೆ, ಚಪ್ಪಲಿಯ ಸದ್ದು ಕೇಳಿತು. ಬಾಗಿಲು ತೆರೆದರೆ ಯೂನಿಫಾರಮ್ಮಿನಲ್ಲೇ ಬಂದಿದ್ದ ಹುಡುಗಿ, ಎರಡೂ ಕೈಯಲ್ಲಿ ಡಬ್ಬಿ. ಬೆನ್ನಿಗೆ ಚೀಲ ಇರಲಿಲ್ಲ.

"ಟೆಸ್ಟಲ್ಲಿ ಎಲ್ಲಾ ಸರಿ ಬಂತು ಅಂಕಲ್," ಅಂದಳು. "ನೀವು ಮನೆ ಬಿಡೋದು ಅಜ್ಜಿಗೂ ಹೇಳ್ದೆ. ಇನ್ಮೇಲೆ ನೀವು ಹೋಗ್ಬೋದು."

ಹೆಂಡತಿ ಗೋಡೆ ಹಿಡಿದು ಎದ್ದು ಬಂದು ಡಬ್ಬಿ ತೆಗೆದುಕೊಂಡಳು. ತೂಕವಿಲ್ಲದ್ದು ಗೊತ್ತಾಗಿರಬೇಕು, ಅಲ್ಲೇ ನಿಂತು ಮುಚ್ಚಳ ತೆಗೆದಳು. ತೊಳೆದು, ಬಟ್ಟೆಯಿಂದ ಒರೆಸಿ, ಒಂದು ಹನಿ ನೀರೂ ಉಳಿಯದ ಹಾಗೆ ಕಳಿಸಿದ್ದರು. ಒಳಗೆ ಏನೂ ಇರಲಿಲ್ಲ. ಹೆಂಡತಿಯ ಮುಖ ಸಣ್ಣದಾಯಿತು. ಖಾಲಿ ಕಳಿಸಿದ್ದಾರಲ್ಲ ಎಂದು ನನ್ನ ಕಡೆ ನೋಡಿದಳು. ಅಜ್ಜಿಗೆ ಬೇಸರವಾಗಿದೆ ಎಂದೇ ನಾವಿಬ್ಬರೂ ಅಂದುಕೊಂಡೆವು.

ಹುಡುಗಿಗೆ ಅದು ತಿಳಿಯಿತೋ ಏನೋ.

"ಅಜ್ಜಿ ಸಕ್ಕರೆ ಹಾಕಿತ್ತು ಆಂಟಿ," ಅಂದಳು. "ಆಮೇಲೆ ವಾಪಸ್ ತೆಗೆದ್ಬಿಡ್ತು. ಇದ್ರಲ್ಲಿ ಏನಾದ್ರೂ ಇದ್ರೆ ಮೇಷ್ಟ್ರು ಇಲ್ಲೇ ಉಳ್ಕೊಂಡ್ಬಿಡ್ತಾರೆ, ಆಯಮ್ಮಂಗೆ ಸೊಂಟ ನೋವು, ಹೋಗ್ಲಿ ಅಂತು."

ಹೆಂಡತಿ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ಒಳಗೆ ಹೋದಳು. ನನಗೆ ಬೇಕಾಗಿದ್ದೆಲ್ಲ ಸಿಕ್ಕಿತ್ತು: ತವರಿನ ಡಬ್ಬಿ ನಮ್ಮಲ್ಲಿತ್ತು, ಯಾರ ಋಣವೂ ನಮ್ಮ ಮೇಲೆ ಇರಲಿಲ್ಲ, ಮೆಟ್ಟಿಲ ಮೇಲೆ ಯಾರೂ ಕೂತಿರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಬಹಳ ದುಃಖವಾಯಿತು. ಸೋಮವಾರದ ವರ್ಡ್ಸ್ ಕೊಟ್ಟಿದ್ದಾರಾ, ತಾ ಕೇಳುತ್ತೇನೆ ಎಂದೆ.

ಅವಳು ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಬೇಡ ಅಂಕಲ್," ಅಂದಳು. "ನೀವು ಮಲಕ್ಕೊಳ್ಳಿ."

ಸದ್ದಾಗದ ಹಾಗೆ ಬಾಗಿಲನ್ನು ಅವಳೇ ಎಳೆದುಕೊಂಡು ಇಳಿದು ಹೋದಳು. ನಾನು ಚಾಪೆ ಹಾಸಿಕೊಂಡೆ. ಹೆಂಡತಿ ದೀಪ ಹಚ್ಚುವವರೆಗೂ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದೆ.