ಟವರಿನ ಗಾಳಿ

ನಮ್ಮ ಬೆಂಗೇರಿಯ ಓಣಿಯಲ್ಲಿ ಎಲ್ಲವೂ ಬಡಿಯುತ್ತದೆ. ಬಿಸಿಲಿನ ಝಳ ಬಡಿಯುತ್ತದೆ, ದೆವ್ವ ಬಡಿಯುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋದವರಿಗೆ ಗಾಳಿ ಬಡಿಯುತ್ತದೆ. ಮೂಲೆಮನೆಯ ಮಾಳಿಗೆಯ ಮೇಲೆ ಮೊಬೈಲ್ ಟವರ್ ಎದ್ದ ಮೇಲೆ ಅದರದ್ದೂ ಒಂದು ಗಾಳಿ ಸೇರಿಕೊಂಡಿತು. ಪಕ್ಕದ ಮನೆಯಾಕೆಯನ್ನು ನಾನು ವೈನಿ ಅನ್ನುತ್ತಿದ್ದೆ, ಅವರ ಗಂಡನನ್ನು ಅಣ್ಣಾರ ಎಂದು. ವೈನಿಯ ಎದೆಯಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾದ ದಿನ ಅಣ್ಣಾರು ಅಂಗಳದಲ್ಲಿ ನಿಂತು ಟವರಿನ ಕಡೆ ಕೈ ಮಾಡಿ, ಇದರ ಗಾಳಿಯೇ ಬಡಿದದ್ದು ಎಂದರು.

ನಾನು ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವವಳು. ತಪ್ಪು ಕಂಡರೆ ತಿದ್ದದೆ ಇರಲಾರೆ. ಮದುವೆ ಕಾರ್ಡು ಕೈಗೆ ಬಂದರೂ ಮೊದಲು ಒತ್ತಕ್ಷರ ನೋಡುತ್ತೇನೆ. ಮರುದಿನ ಸಂಜೆ ಅಣ್ಣಾರನ್ನು ಕೂರಿಸಿಕೊಂಡು ಪಾಠವನ್ನೇ ಮಾಡಿದೆ. ಆಂಟೆನಾದ ಲೋಹದೊಳಗೆ ಎಲೆಕ್ಟ್ರಾನುಗಳು ಒಟ್ಟಿಗೆ ಅತ್ತಿತ್ತ ತೂಗಾಡಿದಾಗ ಶಕ್ತಿ ಅಲೆಯಾಗಿ ಹೊರಡುತ್ತದೆ. ಆ ಅಲೆ ತಾಗಿದರೆ ನಿಮ್ಮ ಫೋನಿನ ಆಂಟೆನಾದ ಎಲೆಕ್ಟ್ರಾನುಗಳೂ ತೂಗಾಡುತ್ತವೆ. ಕಳಿಸುವುದು, ಪಡೆಯುವುದು ಎಂದರೆ ಇಷ್ಟೇ. ಆದರೆ ಸೂಕ್ಷ್ಮವಾಗಿ ನೋಡಿದರೆ ಆ ಶಕ್ತಿ ಚಿಟಿಕೆ ಚಿಟಿಕೆಯಾಗಿಯೇ ಕೊಟ್ಟು ತೆಗೆದುಕೊಳ್ಳುವಂಥದ್ದು. ಒಂದು ಚಿಟಿಕೆಗೆ ಫೋಟಾನ್ ಎಂದು ಹೆಸರು. ಮೈಯೊಳಗಿನ ಅಣುಗಳ ಕಟ್ಟು ಬಿಚ್ಚಬೇಕಾದರೆ ಒಂದೊಂದು ಚಿಟಿಕೆಗೂ ಸಾಕಷ್ಟು ಬಲ ಬೇಕು. ಎಕ್ಸ್‌ರೇಗೆ ಆ ಬಲವಿದೆ. ರೇಡಿಯೋ ಅಲೆಗೆ ಅದರ ಹತ್ತಿರ ಸುಳಿಯುವಷ್ಟೂ ಇಲ್ಲ, ಎಷ್ಟು ಕೋಟಿ ಚಿಟಿಕೆ ಬಂದರೂ ಮೈ ತುಸು ಬೆಚ್ಚಗಾದೀತು, ಅಷ್ಟೇ.

ಅಣ್ಣಾರು ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಹತ್ತಿ ವ್ಯಾಪಾರ ಮಾಡುವವರು. ಅದಕ್ಕೇ, ಕಿಟಕಿಯ ಗಾಜಿಗೆ ಅರಳೆ ಒಗೆದಂತೆ ಎಂದೆ. ದಿನವಿಡೀ ಒಗೆದರೂ ಗಾಜು ಒಡೆಯುವುದಿಲ್ಲ. ಒಡೆಯಲು ಒಂದು ಕಲ್ಲು ಬೇಕು. ಈ ಹೋಲಿಕೆ ಹೊಳೆದದ್ದಕ್ಕೆ ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಅಣ್ಣಾರು ಮಾತ್ರ, "ಅಕ್ಕಾರ, ಅರಳಿ ಅಂಡಿಗಿ ಮೈಮ್ಯಾಲೆ ಬಿದ್ದು ಸತ್ತಾಂವನ್ನ ನಾ ನೋಡೇನ್ರಿ" ಎಂದರು.

ಅಂಡಿಗೆ ಎಂದರೆ ಯಂತ್ರದಲ್ಲಿ ಒತ್ತಿ ಕಟ್ಟಿದ ಅರಳೆ. ಫೋಟಾನುಗಳು ಹಾಗೆ ಕಟ್ಟಿಕೊಂಡು ಬೀಳುವುದಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿದ್ದರು.

ಕಿಮೋ ಶುರುವಾಗಿ ಕೂದಲು ಉದುರತೊಡಗಿದ ಮೇಲೆ ಒಂದು ಮಧ್ಯಾಹ್ನ ವೈನಿ ನಮ್ಮ ಮನೆಗೆ ಬಂದರು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದಿದ್ದರು. ಟವರ್ ತೆಗೆಸಲು ಓಣಿಯವರು ಸಭೆ ಕರೆದಿದ್ದಾರೆ, ನಿಮ್ಮ ಕೈಯಲ್ಲೇ ಮಾತಾಡಿಸುತ್ತಾರಂತೆ ಎಂದರು. ನಾನು ತಯಾರಾಗಿಯೇ ಇದ್ದೆ. ಒಂದು ಬೋರ್ಡು ಸಿಕ್ಕರೆ ಇನ್ನೂ ಛಲೋ ಎಂದೆ. ಅವರು ನಗಲಿಲ್ಲ.

"ಟವರಿಂದ ಅಲ್ಲಂತ ನನಗೂ ಗೊತ್ತೈತ್ರಿ ಅಕ್ಕಾರ. ಆದ್ರ ಅಲ್ಲಿ ಹಂಗ ಅನಬ್ಯಾಡ್ರಿ. ಗಂಟು ಐತಿ ಅಂತ ದೀಪಾವಳಿಗೇ ಇವರಿಗೆ ಹೇಳಿದ್ನಿ. ಹತ್ತಿ ಸೀಜನ್ ಮುಗೀಲಿ, ತೋರಿಸೋಣು ಅಂದ್ರು. ಗಾಳಿ ಬಡದ್ರ ಯಾರ ಕೈಯಾಗ ಏನೈತ್ರಿ? ಗಾಳಿ ಅಲ್ಲ ಅಂದ್ರ ತಮ್ಮನ್ನ ತಾವ ಬೈಕೊಂತಾರ."

ತಾನು ಉಳಿಯುತ್ತೇನೋ ಇಲ್ಲವೋ ಎಂಬ ಚಿಂತೆಗಿಂತ ಗಂಡ ಹೇಗೆ ಉಳಿದಾನು ಎಂಬುದೇ ಅವರಿಗೆ ದೊಡ್ಡದಾಗಿತ್ತು. ನನಗೆ ಅಳು ಬಂತು. ಆಗಲಿ ಎಂದೆ.

ಸಭೆ ಗುಡಿಯ ಪೌಳಿಯಲ್ಲಿ ನಡೆಯಿತು. ಟವರ್ ಕಂಪನಿಯ ಕಡೆಯವನೊಬ್ಬ ಬಂದು, ನಾನು ಹೇಳಬೇಕಿದ್ದುದನ್ನೇ ನನಗಿಂತ ಕೆಟ್ಟದಾಗಿ ಹೇಳಿದ. ಜನ ನನ್ನತ್ತ ತಿರುಗಿದರು. ಅಣ್ಣಾರು ಮುಂದೆಯೇ ಕೂತಿದ್ದರು. ಇಷ್ಟು ವರ್ಷ ಕಲಿಸಿದ ಪಾಠ, ನಾಲಿಗೆಯ ತುದಿಯಲ್ಲೇ ಇತ್ತು. ನಾನೇನೂ ಹೇಳಲಾರೆ ಎಂದಷ್ಟೇ ಅಂದು ಕೂತೆ. ಅಕ್ಕಾರೇ ಇಲ್ಲ ಅನ್ನಲಿಲ್ಲ ಎಂದು ಓಣಿಯವರು ತಮಗೆ ಬೇಕಾದಂತೆ ತಿಳಿದುಕೊಂಡರು. ನಾಚಿಕೆಯಿಂದ ಮೈ ಹಿಡಿಯಾಯಿತು, ಆದರೂ ಮತ್ತೆ ಎದ್ದು ನಿಲ್ಲಲಾಗಲಿಲ್ಲ.

ಮೂಲೆಮನೆಯವರು ಗದ್ದಲಕ್ಕೆ ಬೇಸತ್ತು ಟವರ್ ಇಳಿಸಿದರು. ಅಂದಿನಿಂದ ನಮ್ಮ ಓಣಿಯಲ್ಲಿ ರೇಂಜ್ ಇಲ್ಲ, ಮಾತಾಡಬೇಕೆಂದರೆ ಎಲ್ಲರೂ ಮಾಳಿಗೆ ಹತ್ತಬೇಕು. ವೈನಿ ಆ ಬೇಸಿಗೆಯಲ್ಲೇ ಹೋದರು.

ಸಾವಿಗೆ ಬಂದಿದ್ದ ಬೀಗರು ಬಿಜ್ಜರು ಹೊರಟುಹೋದ ಮೇಲೆ ಒಂದು ಸಂಜೆ ನಾನು ಫೋನ್ ಹಿಡಿದು ಮಾಳಿಗೆ ಹತ್ತಿದೆ. ಪಕ್ಕದ ಮಾಳಿಗೆಯಲ್ಲಿ ಅಣ್ಣಾರು ನಿಂತಿದ್ದರು, ಕೈಯಲ್ಲಿ ಫೋನ್ ಇರಲಿಲ್ಲ. ಟವರ್ ಇದ್ದ ಬರಿ ಜಾಗವನ್ನು ನೋಡುತ್ತಿದ್ದರು. ನನ್ನನ್ನು ಕಂಡು, ಅರಳೆಗೆ ಗಾಜು ಒಡೆಯುವುದಿಲ್ಲ ಎಂದು ಅವತ್ತು ಹೇಳಿದ್ದು ಖರೆಯೇನು ಎಂದು ಕೇಳಿದರು.

ನಾನು ರೇಂಜ್ ಹುಡುಕುವವಳ ಹಾಗೆ ಫೋನನ್ನೇ ನೋಡುತ್ತ ನಿಂತೆ.

"ಸೀಜನ್ ಮುಗೀಲಿ ಅಂದಾಂವ ನಾನ ರೀ" ಎಂದರು.