ಮೂರನೇ ಬಾಗಿಲಿನ ದೀಪ

ಮೊನ್ನೆ ಶಿಕಾರಿಪುರದ ಒಂದು ಛತ್ರದಲ್ಲಿ ಮದುವೆಯೂಟ ಮುಗಿಸಿ, ಎಲೆಯಡಿಕೆ ಜಗಿಯುತ್ತ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ತಲೆಯ ಮೇಲೆ ಗೋಡೆಗೊಂದು ಬಿಳಿ ಡಬ್ಬಿ, ಅದಕ್ಕೆ ಕಪ್ಪೆಗಣ್ಣಿನಂಥ ಎರಡು ದೀಪ. ಕರೆಂಟು ಹೋದರೆ ತಾನೇ ಹೊತ್ತಿಕೊಂಡು ಜನಕ್ಕೆ ಹೊರಗಿನ ದಾರಿ ತೋರಿಸಬೇಕಾದ ದೀಪ. ಅದರ ಕೆಳಗೆ ದಾರ ಕಟ್ಟಿ ತೂಗುಬಿಟ್ಟ ರಟ್ಟು. ತಿಂಗಳಿಗೊಮ್ಮೆ ದೀಪ ಪರೀಕ್ಷಿಸಿ ಅದರಲ್ಲಿ ಬರೆಯಬೇಕು. ಕನ್ನಡಕ ಏರಿಸಿ ಓದಿದೆ. ಶ್ರಾವಣವೇ ಇನ್ನೂ ಮುಗಿದಿಲ್ಲ, ಆಗಲೇ ಡಿಸೆಂಬರ್‌ವರೆಗೂ ‘ಸರಿ ಇದೆ, ಸರಿ ಇದೆ’ ಎಂದು ಒಂದೇ ಪೆನ್ನಿನಲ್ಲಿ ಬರೆದಿತ್ತು. ನೀವಾಗಿದ್ದರೆ ನಕ್ಕುಬಿಡುತ್ತಿದ್ದಿರಿ. ನನಗೆ ಅಡಿಕೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಐವತ್ತರ ದಶಕದ ಕೊನೆಯಲ್ಲಿ ನಾನು ಇದೇ ಊರಿನ ಟಾಕೀಸಿನಲ್ಲಿ ವೈರ್‌ಮನ್. ಗೋಡೆಗೆ ಮರದ ಪಟ್ಟಿ ಬಡಿದು, ಅದರ ಮೇಲೆ ವೈರು ಎಳೆದು, ಆ ಕಟ್ಟಡದ ಅರವತ್ತು ದೀಪ, ಹದಿನೆಂಟು ಫ್ಯಾನು ಹಾಕಿದವನು ನಾನು. ಯಾರಾದರೂ ಒಂದು ದಿನ ತಲೆಯೆತ್ತಿ ನೋಡಿದರೆ ಕೇಳಿ! ಊರಿಗೆ ಊರೇ ಹೊಗಳುತ್ತಿದ್ದದ್ದು ಗಫಾರನ ನಾಲ್ಕು ದೀಪಗಳನ್ನು.

ಗಫಾರ ಪೇಟೆಯಲ್ಲಿ ರೇಡಿಯೋ ಬ್ಯಾಟರಿಗಳಿಗೆ ಚಾರ್ಜು ತುಂಬುತ್ತಿದ್ದವನು, ನನಗಿಂತ ಎರಡು ವರ್ಷ ಚಿಕ್ಕವನು. ಟಾಕೀಸಿಗೆ ಲೈಸೆನ್ಸು ಬೇಕಾದರೆ ನಾಲ್ಕು ಬಾಗಿಲ ಮೇಲೂ ಬೇರೆ ದೀಪ ಇರಬೇಕು, ಅದಕ್ಕೆ ಬೇರೆ ವೈರು ಇರಬೇಕು, ಬ್ಯಾಟರಿಯಿಂದ ಉರಿಯಬೇಕು ಎಂದು ಕಾಯಿದೆ. ಟಾಕೀಸಿನ ಸಾಹುಕಾರರು ಅವನನ್ನು ಕರೆಸಿದರು. ಮೋಟಾರು ಗಾಡಿಯ ಬಲ್ಬು, ಅದಕ್ಕೊಂದು ಕೆಂಪು ಗಾಜು. ಕರೆಂಟು ಹೋದರೆ ಗೇಟಿನವನು ಒಂದು ಸ್ವಿಚ್ಚಿನ ಹಿಡಿ ಎಳೆಯಬೇಕು, ನಾಲ್ಕೂ ಹೊತ್ತಿಕೊಳ್ಳುತ್ತಿದ್ದವು. ಇಷ್ಟೇ ವಿದ್ಯೆ.

ಆದರೆ ಅವನು ಪರೀಕ್ಷೆ ಮಾಡುತ್ತಿದ್ದ ಚಂದ ನೋಡಬೇಕಿತ್ತು. ದಿನಾ ಬೆಳಿಗ್ಗೆ ಬಾಗಿಲೆಲ್ಲ ಮುಚ್ಚಿಸಿ, ಮೇನ್ ಸ್ವಿಚ್ಚು ತೆಗೆದು, ಚಪ್ಪಲಿ ಬಿಟ್ಟು ಕತ್ತಲಲ್ಲಿ ಮಧ್ಯದ ಕುರ್ಚಿಯಲ್ಲಿ ಕೂರುತ್ತಿದ್ದ. ಆಮೇಲೆ ಹಿಡಿ ಎಳೆಸಿ, ಆ ಕೆಂಪು ಬೆಳಕನ್ನೇ ನೋಡುತ್ತ, ಎಲ್ಲೂ ಕೈ ತಾಗಿಸದೆ ಬಾಗಿಲವರೆಗೆ ನಡೆಯುತ್ತಿದ್ದ. ಒಂದೊಂದು ಬಾಗಿಲಿಗೂ ಒಂದೊಂದು ಸಲ. ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ.

“ಹಿಡಿ ಎಳೆದ್ರೆ ಹತ್ತತಾವೋ ಇಲ್ಲೋ ನೋಡಿದ್ರೆ ಸಾಕಲ್ಲೋ, ಇದೆಂಥ ಮೆರವಣಿಗೆ?” ಎಂದು ಒಮ್ಮೆ ಕೇಳಿದೆ.

“ಅಣ್ಣಾರೆ, ದೀಪ ಹತ್ತಿದ್ರೆ ಸಾಲಂಗಿಲ್ರೀ. ಮುದುಕಿ ಒಬ್ಬಾಕಿ ಎಡವದಂಗೆ ಹೊರಗ್ ಬರ್ಬೇಕು” ಎಂದ.

ಈ ಮಾತು ನನಗೆ ಹೊಳೆದಿರಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಉರಿಗೆ ತುಪ್ಪ ಸುರಿದವಳು ನನ್ನ ಹೆಂಡತಿ. ಸೊರಬದ ಹುಡುಗಿ. ಹೆಂಗಸರ ಕಡೆಯ ಮೂರನೇ ಬಾಗಿಲಿನ ಹತ್ತಿರವೇ ಅವಳು ಕೂರುವುದು. “ಎಂತ ಮಾರಾಯ್ರೇ, ನಿಮ್ ಕರೆಂಟ್ ಯಾವಾಗ ಹೋಗ್ತದೋ ಗೊತ್ತಿಲ್ಲ. ಸಾಬ್ರ ದೀಪದ ಕೆಳಗೆ ಕೂತ್ರೆ ಒಂದ್ ಧೈರ್ಯ” ಎನ್ನುತ್ತಿದ್ದಳು. ಕರೆಂಟು ಹೋಗುವುದಕ್ಕೂ ನನಗೂ ಏನು ಸಂಬಂಧ, ಹೇಳಿ!

ಅಷ್ಟರಲ್ಲಿ ಸಾಹುಕಾರರು ಸೊರಬದಲ್ಲಿ ಇನ್ನೊಂದು ಟಾಕೀಸು ಎಬ್ಬಿಸಿದರು. ಶಿವಮೊಗ್ಗದಿಂದ ಕರೆಂಟಿನ ಇನ್ಸ್‌ಪೆಕ್ಟರು ಬಂದು ಯಾರ ಕೆಲಸ ಮೆಚ್ಚುತ್ತಾರೋ ಅವರೇ ಸೊರಬಕ್ಕೆ ಹೆಡ್ ವೈರ್‌ಮನ್ ಎಂದರು. ಹೆಂಡತಿ ಆಗಲೇ ತವರಿನ ಪಕ್ಕದಲ್ಲಿ ಮನೆ ನೋಡಿಸಿದ್ದಳು. ನಾನೂ ಮಾವನ ಮುಂದೆ ಮೀಸೆ ತಿರುವಿ ಬಂದಿದ್ದೆ. ಆ ಕೆಲಸ ಗಫಾರನಿಗೆ ಹೋಗುವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ಮಧ್ಯಾಹ್ನ ಏಣಿ ಹಾಕಿ ಮೂರನೇ ದೀಪದ ತಂತಿ ಬಿಚ್ಚಿಬಿಟ್ಟೆ. ಒಂದು ಸ್ಕ್ರೂ, ಎರಡು ಸುತ್ತು.

ಸಂಜೆಯ ಆಟಕ್ಕೆ ಹೆಂಗಸರ ಕಡೆ ಕಿಕ್ಕಿರಿದು ತುಂಬಿತು. ನನ್ನವಳೂ ಬಂದು ಅದೇ ಬಾಗಿಲ ಹತ್ತಿರ, ಅದೇ ಧೈರ್ಯದಿಂದ ಕೂತಳು. ಆಗ ನನಗೆ ಹೆದರಿಕೆ ಹುಟ್ಟಿತು. ಈಗ ಕರೆಂಟು ಹೋದರೆ? ಹೋಗಿ ಬಿಗಿ ಮಾಡೋಣವೆಂದರೆ ಹೆಂಗಸರ ನಡುವೆ ಏಣಿ ಹೊತ್ತು ನುಗ್ಗುವುದು ಹೇಗೆ? ಪರದೆಯ ಮೇಲೆ ಯಾವ ಚಿತ್ರ ಓಡಿತೋ ದೇವರಾಣೆ ಗೊತ್ತಿಲ್ಲ. ಉರಿಯುತ್ತಿದ್ದ ನನ್ನ ಬಲ್ಬುಗಳನ್ನೇ ನೋಡುತ್ತ, ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕರೆಂಟು ಹೋಗಲಿಲ್ಲ. ಆಟ ಮುಗಿದ ಮೇಲಾದರೂ ಬಿಗಿ ಮಾಡಬಹುದಿತ್ತು. ಜನ ಹೊರಟದ್ದೇ ಹೆದರಿಕೆ ಹೋಯಿತು, ಹೊಟ್ಟೆಕಿಚ್ಚು ಉಳಿಯಿತು. ಹಾಗೇ ಮನೆಗೆ ಹೋದೆ.

ಮರುದಿನ ಇನ್ಸ್‌ಪೆಕ್ಟರು ಹಿಡಿ ಎಳೆದರು. ನಾಲ್ಕೂ ದೀಪ ಹೊತ್ತಿಕೊಂಡವು. ನಾನು ಬಾಯಿ ಬಿಟ್ಟು ನಿಂತೆ. ಅವರು ಗಫಾರನ ಪುಸ್ತಕ ತೆರೆದು ಅಂದಿನ ಬೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು: “ಮೂರನೇ ಬಾಗಿಲು. ದೀಪ ಹತ್ತಲಿಲ್ಲ. ತಂತಿ ಬಿಚ್ಚಿತ್ತು. ನನ್ನ ತಪ್ಪು. ಬಿಗಿ ಮಾಡಿದೆ.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಜೇಬಿನ ಸ್ಕ್ರೂಡ್ರೈವರಿಗೆ ಹೋಯಿತು.

“ತಪ್ಪು ಬರೆದಿರೋ ಪುಸ್ತಕ ನಂಬಬಹುದು” ಎಂದು ಹೇಳಿ ಇನ್ಸ್‌ಪೆಕ್ಟರು ನನ್ನ ಪುಸ್ತಕ ಕೇಳಿದರು. ಮೇನ್ ವೈರಿಂಗನ್ನು ನಾನೂ ದಿನಾ ನೋಡಿ ಬರೆಯಬೇಕಿತ್ತು. ನಾನು ಸೋಮವಾರ ಕೂತು ವಾರದ್ದೆಲ್ಲ ಬರೆದು ಮುಗಿಸುವ ಜಾಣ. ಅಂದು ಶುಕ್ರವಾರ. ಅವರು ಪುಟದ ಮೇಲೆ ಬೆರಳಿಟ್ಟರು.

“ನಾಳೆ ಶನಿವಾರದ ವೈರು ಸರಿ ಐತೆ ಅಂತ ಇವತ್ತೇ ಹೆಂಗ್ರೀ ಗೊತ್ತಾತು? ಪಂಚಾಂಗ ನೋಡಿ ಬರೆದ್ರೇನು?”

ಸಾಹುಕಾರರೂ ನಕ್ಕರು, ಗೇಟಿನವನೂ ನಕ್ಕ. ಗಫಾರ ಮಾತ್ರ ನಗಲಿಲ್ಲ. ನಕ್ಕಿದ್ದರೆ ಅವನನ್ನು ದ್ವೇಷಿಸಲಾದರೂ ಅನುಕೂಲವಾಗುತ್ತಿತ್ತು.

ಸೊರಬ ಅವನ ಪಾಲಾಯಿತು. ಹೊರಡುವ ದಿನ ತನ್ನ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ಇನ್ಮ್ಯಾಲೆ ಈ ದೀಪಾನೂ ನೀವೇ ನೋಡ್ಕೋಬೇಕ್ರೀ ಅಣ್ಣಾರೆ. ಮೂರನೇದ್ರ ಕಡೆ ಒಂದ್ ಕಣ್ಣಿರ್ಲಿ. ಆ ಸ್ಕ್ರೂ ತಾನಾಗೇ ಬಿಚ್ಚೋದಲ್ಲ” ಎಂದ. ದನಿಯಲ್ಲಿ ಕೊಂಕಿರಲಿಲ್ಲ. ನಾನು ಪುಸ್ತಕ ತೆಗೆದುಕೊಂಡೆ. ಆಮೇಲೆ ವರ್ಷಗಟ್ಟಲೆ ಆ ಕತ್ತಲಲ್ಲಿ ಚಪ್ಪಲಿ ಬಿಟ್ಟು ನಡೆದೆ. ನನ್ನ ಹೆಂಡತಿಗೆ ಕೊನೆಯವರೆಗೂ ಅವು ‘ಸಾಬ್ರ ದೀಪ’ಗಳೇ. ನಾನೂ ಅವಳಿಗೆ ಆ ಸಂಜೆಯ ವಿಷಯ ಹೇಳಲಿಲ್ಲ. ಈಗ ಹೇಳೋಣವೆಂದರೆ ಅವಳಿಲ್ಲ, ಅವನೂ ಇಲ್ಲ.

ಛತ್ರದ ಡಬ್ಬಿಗೆ ಒಂದು ಪುಟ್ಟ ಗುಂಡಿಯಿತ್ತು. ಎದ್ದು ಒತ್ತಿದೆ. ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ.

“ಅದು ಸರಿ ಐತ್ರೀ ಅಜ್ಜಾರೆ, ಬರ್ದೈತಲ್ಲ” ಎಂದ ಛತ್ರದ ಕಾವಲುಗಾರ.

ಅವನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡೆ. ಆ ತಿಂಗಳ ‘ಸರಿ ಇದೆ’ಯನ್ನು ಹೊಡೆದುಹಾಕಿ, ‘ದೀಪ ಹತ್ತಲಿಲ್ಲ’ ಎಂದು ಬರೆದೆ. ಪೆನ್ನು ಅಲ್ಲಿಗೆ ನಿಲ್ಲಲಿಲ್ಲ. ‘ನನ್ನ ತಪ್ಪು’ ಎಂದೂ ಬರೆದು, ಕೆಳಗೆ ಸಹಿ ಹಾಕಿದೆ.

ಕಾವಲುಗಾರ ಬಗ್ಗಿ ಓದಿದ. “ಇದ್ರಾಗೆ ನಿಮ್ದೇನ್ರೀ ತಪ್ಪು?”

“ಇದರದ್ದಲ್ಲಪ್ಪ” ಎಂದು ಪೆನ್ನು ಹಿಂದಕ್ಕೆ ಕೊಟ್ಟೆ.